ಬಾಳಬಹುದೆ ಈ ಮನೆಯಲ್ಲಿ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಹುಟ್ಟಿದ್ದು, ಈ ಎರಡು ಕೆಲಸಗಳಲ್ಲಿ ಒಂದೊಂದೇ ಮನುಷ್ಯನನ್ನು ಹಣ್ಣುಮಾಡಲು ಸಾಕೆಂಬ ಅನುಭವದಿಂದ. ಈಗಿನ ಚೆಕ್ ಗಣರಾಜ್ಯದ ಬ್ರನೋ ನಗರದಲ್ಲಿ ಒಬ್ಬ ತಂದೆ ಇವೆರಡನ್ನೂ ಒಟ್ಟಿಗೇ ಹೆಗಲಿಗೇರಿಸಿಕೊಂಡನು. ಜವಳಿ ಉದ್ಯಮಿಯಾದ ಅಲ್‌ಫ್ರೆಡ್ ಲೊವ್-ಬೇರ್ 1928ರಲ್ಲಿ ತನ್ನ ಮಗಳು ಗ್ರೇಟೆಯ ವಿವಾಹವಾದಾಗ, ತನ್ನ ಸ್ವಂತ ತೋಟದ ಮೇಲ್ಭಾಗದ ಇಳಿಜಾರು ನೆಲವನ್ನೂ ಅದರ ಮೇಲೆ ಮನೆ ಕಟ್ಟಿಸಿಕೊಳ್ಳಲು ಬೇಕಾದ ಹಣವನ್ನೂ ಉಡುಗೊರೆಯಾಗಿ ಕೊಟ್ಟನು. ವರನ ಹೆಸರು ಫ್ರಿಟ್ಸ್ ಟೂಗೆಂಡ್‌ಹಾಟ್. ಅವನದೂ ಜವಳಿಯ ಮನೆತನವೇ. ಎರಡೂ ಕುಟುಂಬಗಳು ಜರ್ಮನ್ ಮಾತನಾಡುವ ಯೆಹೂದ್ಯರವು. ಮನೆ 1930ರ ಡಿಸೆಂಬರಿನಲ್ಲಿ ಮುಗಿಯಿತು, ದಂಪತಿಗಳು ಒಳಗೆ ಬಂದು ನೆಲಸಿದರು.

ಇಷ್ಟೇ ಆಗಿದ್ದರೆ ಇದು ಸಿರಿವಂತರ ಮನೆಯೊಂದರ ಕಥೆ ಮಾತ್ರವಾಗುತ್ತಿತ್ತು. ಆದರೆ ಈ ಮನೆಯಲ್ಲಿ ಗೋಡೆಯಿಂದ ಬಾಗಿಲ ಹಿಡಿಯವರೆಗೆ, ಪರದೆಯಿಂದ ಊಟದ ಕುರ್ಚಿಯವರೆಗೆ, ಯಾವ ಬಣ್ಣದ ಆಸನ ಯಾವ ಕಲ್ಲಿನ ಎದುರಿಗೆ ಇರಬೇಕೆಂಬುದರವರೆಗೆ ಎಲ್ಲವನ್ನೂ ವಾಸ್ತುಶಿಲ್ಪಿಯೇ ನಿರ್ಧರಿಸಿದ್ದನು. ಮನೆಯವರು ಬಂದು ನೆಲಸಿ ಒಂದು ವರುಷ ತುಂಬುವ ಮೊದಲೇ, 1931ರಲ್ಲಿ, ಯುಸ್ಟುಸ್ ಬೀರ್ ಎಂಬ ವಿಮರ್ಶಕನು ಜರ್ಮನಿಯ 'ಡೀ ಫೋರ್ಮ್' ಎಂಬ ಕಲಾಪತ್ರಿಕೆಯಲ್ಲಿ ಒಂದು ಪ್ರಶ್ನೆಯನ್ನೆತ್ತಿದನು: ಈ ಟೂಗೆಂಡ್‌ಹಾಟ್ ಮನೆಯಲ್ಲಿ ಮನುಷ್ಯರು ಬಾಳಲು ಸಾಧ್ಯವೆ?

ಪ್ರಶ್ನೆ ಬ್ರನೋ ನಗರದ್ದಾದರೂ ನಮಗೆ ದೂರದ್ದಲ್ಲ. ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಹೊಸ ಮನೆ ಕೊಂಡವರು ಇಂದು ಮೊದಲು ಹುಡುಕುವುದು 'ಇಂಟೀರಿಯರ್' ಮಾಡಿಕೊಡುವವರನ್ನು. ಗೃಹಪ್ರವೇಶಕ್ಕೆ ಹೋದರೆ ಅಡುಗೆಮನೆಯ ಕಪಾಟು, ದೇವರ ಮನೆಯ ಬೆಳಕು, ಹಜಾರದ ಸುಳ್ಳುಸೂರು, ಎಲ್ಲವೂ ಒಂದೇ ಕೈಯಿಂದ ಬಂದಂತೆ ಹೊಂದಿಕೊಂಡಿರುತ್ತವೆ. ಅಜ್ಜಿಯ ಹಿತ್ತಾಳೆಯ ಹಂಡೆಗೆ ಮಾತ್ರ ಜಾಗ ಇರುವುದಿಲ್ಲ. ಮನೆ ಯಾರದು, ಮಾಡಿಕೊಟ್ಟವನದೊ, ಇರುವವರದೊ ಎಂಬ ಸಂದೇಹ ಅಂಥ ಕಡೆಗಳಲ್ಲಿ ಯಾರಿಗಾದರೂ ಒಂದು ಗಳಿಗೆಯಾದರೂ ಬಂದೇ ಬರುತ್ತದೆ.

ಬೀರನಿಗಿಂತ ಮೊದಲೇ ಈ ಸಂದೇಹವನ್ನು ಕಥೆಯಾಗಿಸಿದವನು ಬೇರೊಬ್ಬ. ಕಾಕತಾಳೀಯವೆಂಬಂತೆ ಅವನು ಹುಟ್ಟಿದ್ದೂ ಬ್ರನೋದಲ್ಲಿಯೇ, 1870ರಲ್ಲಿ. ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ 1900ರಲ್ಲಿ ಬರೆದ ಒಂದು ವಿಡಂಬನೆಯಲ್ಲಿ ಎಲ್ಲ ಇದ್ದೂ ಕಲೆಯೊಂದಿಲ್ಲವಲ್ಲ ಎಂದು ಕೊರಗುವ ಶ್ರೀಮಂತನೊಬ್ಬನಿದ್ದಾನೆ. ಅವನು ಒಬ್ಬ ಶಿಲ್ಪಿಯನ್ನು ಕರೆಸುತ್ತಾನೆ. ಶಿಲ್ಪಿ ಮನೆಯ ಪ್ರತಿಯೊಂದು ವಸ್ತುವನ್ನೂ ಹೊಸದಾಗಿ ರೂಪಿಸಿ ಅದಕ್ಕೊಂದು ಜಾಗ ಗೊತ್ತುಮಾಡುತ್ತಾನೆ. ಹುಟ್ಟುಹಬ್ಬದ ದಿನ ಹೆಂಡತಿ ಮಕ್ಕಳು ಕೊಟ್ಟ ಉಡುಗೊರೆಗಳನ್ನು ಎಲ್ಲಿಡಬೇಕೆಂದು ಕೇಳಲು ಯಜಮಾನನು ಶಿಲ್ಪಿಯನ್ನು ಕರೆಸಿದರೆ, ಬಂದವನ ಕಣ್ಣು ಮೊದಲು ಬೀಳುವುದು ಯಜಮಾನನ ಕಾಲಿನ ಚಪ್ಪಲಿಗಳ ಮೇಲೆ. ಅವೂ ಶಿಲ್ಪಿಯೇ ರಚಿಸಿದವು; ಆದರೆ ಮಲಗುವ ಕೋಣೆಗೆಂದು ರಚಿಸಿದವನ್ನು ಹಜಾರದಲ್ಲಿ ಮೆಟ್ಟಿ ನಿಂತರೆ ಬಣ್ಣದ ಮೇಳವೆಲ್ಲ ಕೆಡುವುದಿಲ್ಲವೆ? ಇನ್ನು ಉಡುಗೊರೆಯ ಮಾತೇ ಬೇಡ. ಪರಿಪೂರ್ಣನಾದವನಿಗೆ ಹೊಸದಾಗಿ ಏನು ಬೇಕು! ನಗು ತರಿಸುವ ಕಥೆ; ಆದರೆ ಆ ನಗುವಿನಡಿಯಲ್ಲಿ ಹೆಂಡತಿ ಮಕ್ಕಳಿಂದ ಏನನ್ನೂ ಸ್ವೀಕರಿಸಲಾಗದೆ ಉಳಿದ ಒಬ್ಬ ಗೃಹಸ್ಥನ ದುಃಖವಿದೆ. ಬೀರನ ಪ್ರಶ್ನೆಯ ಹಿಂದೆ ಇದ್ದದ್ದೂ ಇದೇ ಆತಂಕ.

ಹೊಸ ವರ್ಷದ ರಾತ್ರಿ

ಟೂಗೆಂಡ್‌ಹಾಟ್ ದಂಪತಿಗಳು ಆರಿಸಿಕೊಂಡ ವಾಸ್ತುಶಿಲ್ಪಿ ಲೂಡ್‌ವಿಗ್ ಮೀಸ್ ಫಾನ್ ಡೆರ್ ರೋಹೆ. ಗ್ರೇಟೆ ಬರ್ಲಿನ್ನಿನಲ್ಲಿದ್ದಾಗ ಅವನು ಕಟ್ಟಿದ ಮನೆಯೊಂದಕ್ಕೆ ಆಗಾಗ ಹೋಗಿ ಬರುತ್ತಿದ್ದಳು. ಅಲ್ಲಿಯೇ ಅವಳ ಮನಸ್ಸು ಗಟ್ಟಿಯಾಗಿತ್ತು. ಅವಳಿಗೆ ಬೇಕಾಗಿದ್ದುದು ಸರಳವಾದ, ಸ್ಪಷ್ಟವಾದ ಆಕಾರಗಳ ವಿಶಾಲ ಮನೆ. ಫ್ರಿಟ್ಸನಿಗಾದರೋ ತಾನು ಬೆಳೆದ ಮನೆಯ ಕೋಣೆಗಳ ನೆನಪಾದರೆ ಮೈ ನಡುಗುತ್ತಿತ್ತು: ಎಲ್ಲಿ ನೋಡಿದರಲ್ಲಿ ಕಸೂತಿ ಬಟ್ಟೆ, ಪಿಂಗಾಣಿ ಗೊಂಬೆ, ಕೈಯಾಡಿಸಲೂ ತೆರವಿಲ್ಲದಷ್ಟು ಸಾಮಾನು. ಅಂದರೆ ಬರಿಯ ಗೋಡೆಗಳನ್ನು ಇವರ ಮೇಲೆ ಯಾರೂ ಹೇರಲಿಲ್ಲ. ಇವರೇ ಬಯಸಿ ಹೋದರು. ಬೀರನ ಪ್ರಶ್ನೆಗೆ ಉತ್ತರ ಹುಡುಕುವವರು ಮರೆಯಬಾರದ ಸಂಗತಿ ಇದು.

1928ರ ಡಿಸೆಂಬರ್ 31ರಂದು ಮೀಸ್ ತನ್ನ ನಕ್ಷೆಗಳನ್ನು ಅವರ ಮುಂದೆ ಹರಡಿದನು. ಅಂದು ರಾತ್ರಿ ಗೆಳೆಯರೊಂದಿಗೆ ಹೊಸ ವರ್ಷವನ್ನು ಬರಮಾಡಿಕೊಳ್ಳಬೇಕೆಂದಿದ್ದ ದಂಪತಿಗಳು ನಡುರಾತ್ರಿ ಕಳೆದರೂ ನಕ್ಷೆಯ ಮುಂದಿನಿಂದ ಏಳಲಿಲ್ಲ. ಕಾಗದದ ಮೇಲೆ ಕಂಡದ್ದು ಒಂದು ಮಹಾ ಹಜಾರ. ಅದರ ನಡುವೆ ಯಾವುದಕ್ಕೂ ತಾಗದೆ ನಿಂತ ಒಂದು ನೇರ ಗೋಡೆ, ಒಂದು ಬಾಗಿದ ಗೋಡೆ. ಅಲ್ಲಲ್ಲಿ ಪುಟ್ಟ ಪುಟ್ಟ ಕೂಡುಗುರುತುಗಳು. ಇವೇನೆಂದು ಕೇಳಿದಾಗ, ಇಡೀ ಮನೆಯನ್ನು ಹೊರುವ ಉಕ್ಕಿನ ಕಂಬಗಳೆಂದು ಮೀಸ್ ಅತಿ ಸಹಜವಾಗಿ ಹೇಳಿದನಂತೆ. ಉಕ್ಕಿನ ಚೌಕಟ್ಟು ಕಾರ್ಖಾನೆಗಳಿಗೆ ಸರಿ, ಮನೆಗೂ ಉಂಟೆ ಎಂದು ಬೆರಗಾಗುವ ಕಾಲವದು.

ಗಂಡಹೆಂಡಿರು ಸುಮ್ಮನೆ ತಲೆಯಾಡಿಸುವವರಲ್ಲ. ತಮಗೆ ಬೇಕಾದ ಬದಲಾವಣೆಗಳನ್ನು ಕೇಳಿದರು, ಮೀಸ್ ಹಲವನ್ನು ಒಪ್ಪಿಕೊಂಡನು. ಒಂದರಲ್ಲಿ ಮಾತ್ರ ಕಲ್ಲಾದನು. ನೆಲದಿಂದ ಸೂರು ಮುಟ್ಟುವಷ್ಟು ಎತ್ತರದ ಬಾಗಿಲುಗಳು ಕಾಲಕ್ರಮದಲ್ಲಿ ಸೊಟ್ಟಗಾಗುತ್ತವೆಂದು ತಿಳಿದವರು ಹೇಳುತ್ತಾರಲ್ಲ ಎಂದು ಫ್ರಿಟ್ಸ್ ಆಕ್ಷೇಪಿಸಿದಾಗ, ಹಾಗಾದರೆ ನಾನು ಈ ಮನೆಯನ್ನೇ ಕಟ್ಟುವುದಿಲ್ಲ ಎಂದುಬಿಟ್ಟನು. ಬಾಗಿಲುಗಳು ಮೀಸ್ ಹೇಳಿದ ಎತ್ತರದಲ್ಲಿಯೇ ನಿಂತವು. ಶಿಲ್ಪಿಯ ಹಟ ಇಷ್ಟಕ್ಕೇ ನಿಂತಿದ್ದು ಮನೆಯವರ ಪುಣ್ಯವೆನ್ನಬೇಕು.

ಕಲ್ಲು, ಮರ, ರೇಷ್ಮೆ

ಮನೆ ಬೀದಿಯಿಂದ ನೋಡಿದರೆ ಒಂದೇ ಅಂತಸ್ತಿನ, ತೀರ ಸಾಧಾರಣವಾದ ಬಿಳಿ ಕಟ್ಟಡ. ಇಳಿಜಾರಿನಲ್ಲಿರುವುದರಿಂದ ಬೀದಿಯ ಮಟ್ಟದಲ್ಲಿರುವುದೇ ಮೇಲಂತಸ್ತು. ಅಲ್ಲಿ ತಂದೆತಾಯಿಯರ, ಮಕ್ಕಳ, ದಾದಿಯ ಕೋಣೆಗಳು, ಎದುರಿಗೆ ವಿಶಾಲವಾದ ತಾರಸಿ. ಮೆಟ್ಟಿಲಿಳಿದರೆ ಹಜಾರ. ಅದರ ಕೆಳಗೆ ಯಂತ್ರಗಳ ನೆಲಮಾಳಿಗೆ: ಗಾಳಿಯನ್ನು ಸೋಸಿ, ಹದವಾಗಿ ಬಿಸಿಮಾಡಿ ಅಥವಾ ತಂಪುಮಾಡಿ ಮೇಲಕ್ಕೆ ಕಳಿಸುವ ಏರ್ಪಾಡು, ತುಪ್ಪುಳಿನ ಕೋಟುಗಳಿಗೆ ನುಸಿ ಹತ್ತದಂತಹ ಕೋಣೆ, ಛಾಯಾಚಿತ್ರದ ಹುಚ್ಚಿದ್ದ ಫ್ರಿಟ್ಸನಿಗೆಂದು ಒಂದು ಕತ್ತಲೆಕೋಣೆ.

ಹಜಾರ ಸುಮಾರು 80 ಅಡಿ ಉದ್ದ, 50 ಅಡಿ ಅಗಲ. ಕೋಣೆಗಳೆಂದು ಕತ್ತರಿಸದೆ ಬಿಟ್ಟ ಈ ಒಂದೇ ಅಂಗಳದಲ್ಲಿ ಬೈಠಕ್ಕು, ಊಟದ ಜಾಗ, ಓದಿನ ಮೇಜು, ಪುಸ್ತಕಗಳ ಮೂಲೆ ಎಲ್ಲವೂ ಇವೆ. ಬೇಕೆಂದಾಗ ಎಳೆದುಕೊಳ್ಳಲು ಶಾಂಟುಂಗ್ ರೇಷ್ಮೆಯ, ಮಖಮಲ್ಲಿನ ಪರದೆಗಳು. ಕಂಬಗಳಿಗೆ ಕನ್ನಡಿಯಂತೆ ಹೊಳೆಯುವ ಕ್ರೋಮಿಯಂ ಹೊದಿಕೆ. ತೋಟದ ಕಡೆಗೆ ನೆಲದಿಂದ ಸೂರಿನವರೆಗೆ ಗಾಜು. ಗಾಜಿನಾಚೆ ಇಳಿಜಾರಿನ ಮರಗಳು, ನಗರ, ದೂರದಲ್ಲಿ ಷ್ಪಿಲ್‌ಬೆರ್ಕ್ ಕೋಟೆ. ಈ ಗಾಜಿನ ಹಲಗೆಗಳಲ್ಲಿ ಎರಡು, ಗುಂಡಿಯೊತ್ತಿದರೆ, ಕಾರಿನ ಕಿಟಕಿಯಂತೆ ಪೂರ್ತಿಯಾಗಿ ನೆಲದೊಳಕ್ಕೆ ಇಳಿದುಹೋಗುತ್ತವೆ. ಆಗ ಹಜಾರಕ್ಕೂ ತೋಟಕ್ಕೂ ನಡುವೆ ಗಾಳಿಯೊಂದೇ.

ಆಭರಣವಿಲ್ಲದ ಮನೆಗೆ ವಸ್ತುವೇ ಆಭರಣವಾಗಬೇಕೆಂಬುದು ಮೀಸನ ಮತ. ಅವನು ಆಖೆನ್ ನಗರದ ಕಲ್ಲುಕುಟಿಗನ ಮಗ. ಕಲ್ಲಿನ ಒಳ್ಳೆಯದು ಕೆಟ್ಟದ್ದು ಅವನಿಗೆ ಮನೆಯಲ್ಲಿಯೇ ಬಂದ ವಿದ್ಯೆ. ಹಜಾರದ ನೇರ ಗೋಡೆಗಾಗಿ ಮೊರಾಕೊ ದೇಶದ ಅಟ್ಲಾಸ್ ಪರ್ವತದಿಂದ ಓನಿಕ್ಸ್ ಶಿಲೆಯನ್ನು ತರಿಸಿದನು: ಜೇನಿನ ಹಳದಿ, ನಡುನಡುವೆ ಬಿಳಿಯ ಸಿರೆ. ಅದನ್ನು ಕೊಯ್ಯುವಾಗಲೂ ಜೋಡಿಸುವಾಗಲೂ ಸಿರೆಗೆ ಸಿರೆ ಕೂಡುವಂತೆ ತಾನೇ ನಿಂತು ನೋಡಿಕೊಂಡನು. ಇಷ್ಟೆಲ್ಲ ಎಚ್ಚರ ವಹಿಸಿದವನಿಗೂ ತಿಳಿಯದಿದ್ದ ಗುಟ್ಟೊಂದು ಆ ಶಿಲೆಯಲ್ಲಿತ್ತು. ಚಳಿಗಾಲದ ಸಂಜೆ ಸೂರ್ಯ ತಗ್ಗಿ ಕಿರಣಗಳು ನೇರವಾಗಿ ಗೋಡೆಗೆ ಬಡಿದಾಗ, ಬೆಳಕು ಕಲ್ಲಿನೊಳಗೆ ಹಾಯ್ದು, ಹಿಂಬದಿಯಲ್ಲಿ ಕೆಲವೆಡೆ ಕೆಂಡದಂತೆ ಕೆಂಪಾಗಿ ಉರಿಯತೊಡಗಿತು. ಮನೆಯವರಂತೆ ಮೀಸನೂ ಬೆರಗಾದನು. ಎಲ್ಲವನ್ನೂ ಮೊದಲೇ ಗೊತ್ತುಮಾಡಿದ ಮನೆಯಲ್ಲಿ ಯಾರೂ ಗೊತ್ತುಮಾಡದ ಸೊಬಗು ಇದೊಂದೇ ಎಂದು ನನಗನ್ನಿಸುತ್ತದೆ.

ಊಟದ ಜಾಗವನ್ನು ಅರ್ಧವೃತ್ತವಾಗಿ ಅಪ್ಪಿಕೊಂಡ ಗೋಡೆಗೆ ಮಕಾಸರ್ ಎಬನಿ ಎಂಬ ಕರಿಮರದ ತೆಳುಹೊದಿಕೆ. ಮರದ ಎಳೆ ನೆಲದಿಂದ ಸೂರಿನವರೆಗೆ ತುಂಡಾಗದೆ ಹರಿಯಬೇಕೆಂದು, ಅಷ್ಟುದ್ದದ ಹೊದಿಕೆಯನ್ನು ಆರಿಸಲು ಮೀಸ್ ಪ್ಯಾರಿಸ್ಸಿಗೆ ಹೋಗಿದ್ದನು. ಆ ಬಾಗಿದ ಗೋಡೆಯ ನಡುವೆ ಒಂದೇ ಕಾಲಿನ, ನೆಲಕ್ಕೆ ನೆಟ್ಟ ದುಂಡುಮೇಜು; ಅಂಚಿಗೆ ಹಲಗೆಗಳನ್ನು ಸೇರಿಸುತ್ತ ಹೋದರೆ 24 ಮಂದಿ ಕೂತು ಉಣ್ಣಬಹುದು. ಇಲ್ಲಿಗೆಂದು ರೂಪುಗೊಂಡ ಉಕ್ಕಿನ ಕುರ್ಚಿ ಇಂದಿಗೂ ಜಗತ್ತಿನಾದ್ಯಂತ 'ಬ್ರನೋ ಕುರ್ಚಿ' ಎಂಬ ಹೆಸರಿನಿಂದಲೇ ಮಾರಾಟವಾಗುತ್ತದೆ.

ಪೀಠೋಪಕರಣ, ಬಟ್ಟೆ, ಬಣ್ಣಗಳಲ್ಲಿ ಮೀಸನ ಜೊತೆ ದುಡಿದವಳು ಲಿಲಿ ರೈಖ್. ಮನೆಯ ಕೀರ್ತಿ ಮೀಸನೊಬ್ಬನ ಹೆಸರಿಗೆ ಸಂದು, ಈಕೆಯ ಹೆಸರು ಬಹುಕಾಲ ಅಡಿಟಿಪ್ಪಣಿಯಲ್ಲಿ ಉಳಿದದ್ದು ನ್ಯಾಯವಲ್ಲ. ಓನಿಕ್ಸ್ ಗೋಡೆಯೆದುರು ಪಚ್ಚೆಹಸಿರು ಚರ್ಮದ ಕುರ್ಚಿಗಳು, ಗಾಜಿನೆದುರು ಮಾಣಿಕ್ಯಗೆಂಪಿನ ಮಖಮಲ್ಲಿನ ದಿವಾನ. ಇವನ್ನು ಇಬ್ಬರೂ ಸೇರಿ, ಆ ಹಜಾರದಲ್ಲಿಯೇ, ಅಲ್ಲಿಯ ಬೆಳಕಿನಲ್ಲಿಯೇ, ಮತ್ತೆ ಮತ್ತೆ ಇಟ್ಟು ನೋಡಿ ಗೊತ್ತುಮಾಡಿದರಂತೆ. ಅಳತೆಗೆ ಹೊಲಿಸಿದ್ದು ಎಂಬ ಮಾತಿಗೆ ನಿಜವಾದ ಅರ್ಥ ಇದು. ಪುಸ್ತಕದಲ್ಲಿನ ಚಿತ್ರಕ್ಕೆ ಬೆರಳಿಟ್ಟು ಇಂಥದೇ ಬೇಕು ಎನ್ನುವುದು ಅಳತೆಗೆ ಹೊಲಿಸಿದಂತಲ್ಲ. ಸಿದ್ಧ ಅಂಗಿಯಲ್ಲಿ ದುಬಾರಿಯಾದದ್ದನ್ನು ಕೊಂಡಂತೆ.

ಇದ್ದವರು ಏನೆಂದರು?

ಬೀರನ ದೂರು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಇಂಥ ಹಜಾರದಲ್ಲಿ ಮನುಷ್ಯ ಯಾವಾಗಲೂ ಮೆರವಣಿಗೆಯಲ್ಲಿದ್ದಂತೆ ಇರಬೇಕಾಗುತ್ತದೆ. ತನ್ನದೆನ್ನುವ ಆಪ್ತ ಬದುಕಿಗೆ ಎಡೆಯಿಲ್ಲ. ಕಲ್ಲಿನ ಸಿರೆಯೂ ಮರದ ಎಳೆಯೂ ಚಿತ್ರಗಳ ಜಾಗವನ್ನು ಕಸಿದುಕೊಂಡಿವೆ. ಒಂದು ಕುರ್ಚಿಯನ್ನು ಅತ್ತಿತ್ತ ಸರಿಸಿದರೂ ಅಂದ ಕೆಡುತ್ತದೆ. ಎಡಪಂಥದ ವಾಸ್ತುಶಿಲ್ಪಿ ರೋಜೆ ಗಿನ್ಸ್‌ಬರ್ಗರ್ ಇನ್ನೂ ಮುಂದೆ ಹೋಗಿ, ಈ ಬೆಲೆಬಾಳುವ ಸರಳತೆ ಧನಿಕರ ವಿಲಾಸದ ಮತ್ತೊಂದು ಮುಖವಷ್ಟೇ ಎಂದನು. ಅವನ ಮಾತಿನಲ್ಲಿಯೂ ಹುರುಳಿದೆ. ಬರಿಯ ಗೋಡೆಯನ್ನು ಬರಿದಾಗಿಯೇ, ಬಿಳಿಯ ನೆಲವನ್ನು ಬಿಳಿಯಾಗಿಯೇ ಇರಿಸಲು ಆ ಮನೆಯಲ್ಲಿ ಆಳುಕಾಳುಗಳಿದ್ದರು. ಅವರಿಗೆಂದು ಬೇರೆ ಕೋಣೆಗಳಿದ್ದವು. ಅವರ ಅಭಿಪ್ರಾಯವನ್ನು ಪತ್ರಿಕೆ ಕೇಳಲಿಲ್ಲ.

ಕೇಳಿದ್ದು ಯಜಮಾನ ಯಜಮಾನಿಯರನ್ನು. ಇಬ್ಬರೂ ಬೇರೆ ಬೇರೆಯಾಗಿ ಉತ್ತರ ಬರೆದರು. ಗ್ರೇಟೆಯ ಉತ್ತರದ ತಾತ್ಪರ್ಯವಿಷ್ಟು: ಹಜಾರ ಕಟ್ಟುನಿಟ್ಟಿನದು, ದೊಡ್ಡದು, ನಿಜ, ಆದರೆ ಅದು ತನ್ನನ್ನು ಕುಗ್ಗಿಸಲಿಲ್ಲ, ಬಿಡುಗಡೆಗೊಳಿಸಿತು. ಸುಮ್ಮನೆ ಮೈಚೆಲ್ಲಿ ಕಾಲ ಕಳೆಯಲು ಅದು ಬಿಡುವುದಿಲ್ಲ, ದಣಿದ ಮನುಷ್ಯನಿಗೆ ಬೇಕಾದದ್ದೂ ಅದೇ. ಆ ಹಿನ್ನೆಲೆಯಲ್ಲಿ ಒಂದು ಹೂವು ಬೇರೆಲ್ಲೂ ಕಾಣದಷ್ಟು ಸ್ಫುಟವಾಗಿ ಕಾಣುತ್ತದೆ. ಓನಿಕ್ಸಿನೆದುರು ನಿಲ್ಲಿಸಿದ ಲೆಂಬ್ರುಕ್‌ನ ಸ್ತ್ರೀಶಿಲ್ಪವೂ ಹಾಗೆಯೇ. ಮನುಷ್ಯರೂ ಹಾಗೆಯೇ, ಇತರರ ಕಣ್ಣಿಗೂ ತಮ್ಮ ಕಣ್ಣಿಗೂ. ಗಾಜಿನ ಗೋಡೆ ತೆರೆದ ಬಯಲಲ್ಲ, ಅದೂ ಒಂದು ಎಲ್ಲೆಯೇ. ಹಾಗಿಲ್ಲದಿದ್ದರೆ ತನಗೆ ಅಲ್ಲಿ ನೆಮ್ಮದಿಯಿರುತ್ತಿರಲಿಲ್ಲವೆಂದೂ ಆಕೆ ಸೇರಿಸಿದಳು. ಫ್ರಿಟ್ಸ್ ಚಿತ್ರ ತೂಗುಹಾಕಲಾಗದೆಂಬುದನ್ನು ಒಪ್ಪಿಕೊಂಡನು, ಹೊಂದದ ಸಾಮಾನು ತರಲಾಗದೆಂಬುದನ್ನೂ ಒಪ್ಪಿಕೊಂಡನು. ಅದರಿಂದ ಬದುಕಿಗೇನು ಕುಂದು ಎಂದು ಕೇಳಿದನು.

ಫ್ರಿಟ್ಸನ ಉತ್ತರ ನನಗೆ ಪೂರ್ತಿ ಸಮಾಧಾನ ತರುವುದಿಲ್ಲ. ಅದು ಭಕ್ತನ ಉತ್ತರ. ಗ್ರೇಟೆಯದೂ ಮೊದಲ ವರುಷದ ಉತ್ಸಾಹದ್ದೆಂದು ಯಾರಾದರೂ ಹೇಳಬಹುದು. ಆದುದರಿಂದ ಆಕೆ 38 ವರ್ಷಗಳ ಅನಂತರ, 1969ರ ಜನವರಿಯಲ್ಲಿ, ಬ್ರನೋಗೆ ಬಂದು ಮಾಡಿದ ಉಪನ್ಯಾಸ ಹೆಚ್ಚು ಬೆಲೆಯುಳ್ಳದ್ದು. ಆಗ ಆಕೆಗೆ ಯಾವ ವಿಮರ್ಶಕನಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಮೊದಲ ದಿನದಿಂದಲೂ ಆ ಮನೆ ತಮಗೆ ಪ್ರಿಯವಾಗಿತ್ತೆಂದಳು. ಇಬ್ಬರೇ ಇದ್ದಾಗ ಪುಸ್ತಕಗಳ ಮೂಲೆಯಲ್ಲಿ ಕೂರುತ್ತಿದ್ದುದನ್ನು, ಗೆಳೆಯರು ಬಂದಾಗ ಹಿಂದಿನಿಂದ ದೀಪ ಬೆಳಗಿದ ಹಾಲುಗಾಜಿನ ಗೋಡೆಯ ಮುಂದೆ ಸಂಜೆ ಕಳೆಯುತ್ತಿದ್ದುದನ್ನು ನೆನೆದಳು. ವಸಂತ ಬಂತೆಂದರೆ ಮನೆಯವರೆಲ್ಲ ಮೇಲಿನ ತಾರಸಿಯಲ್ಲಿಯೇ. ಮಕ್ಕಳಿಗೆ ಅಲ್ಲಿ ನೀರಾಡುವ ಸಣ್ಣ ತೊಟ್ಟಿಯಿತ್ತು, ಮರಳ ಗುಡ್ಡೆಯಿತ್ತು. ಆಟದ ಗಾಡಿಗಳನ್ನೇರಿ ತಾರಸಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದರು. ಫ್ರಿಟ್ಸ್ ತೆಗೆದ ಛಾಯಾಚಿತ್ರಗಳು ಉಳಿದಿವೆ, ಅವುಗಳಲ್ಲಿ ಮಕ್ಕಳಿದ್ದಾರೆ. ವಾಸ್ತುಶಿಲ್ಪದ ಪತ್ರಿಕೆಗಳು ಅಚ್ಚುಹಾಕಿದ ಚಿತ್ರಗಳಲ್ಲಿ ಯಾರೂ ಇರಲಿಲ್ಲ. ಬೀರನಂಥವರು ಅಂಜಿದ್ದು ಬಹುಶಃ ಆ ನಿರ್ಜನ ಚಿತ್ರಗಳನ್ನು ಕಂಡೇ ಇರಬೇಕು.

ಎಂಟು ವರ್ಷ

ಆ ಬದುಕು ಎಂಟು ವರ್ಷವೂ ತುಂಬಲಿಲ್ಲ. ಹಿಟ್ಲರನ ನೆರಳು ಚಾಚುತ್ತ ಬಂದು, 1938ರಲ್ಲಿ ಕುಟುಂಬ ಮನೆ ತೊರೆದು ಸ್ವಿಟ್ಸರ್ಲೆಂಡಿಗೆ ಹೋಯಿತು. 1941ರಲ್ಲಿ ಅಲ್ಲಿಂದ ವೆನೆಜುವೆಲಾಕ್ಕೆ. ಬಂಧುಗಳಲ್ಲಿ ಉಳಿದುಕೊಂಡ ಹಲವರು ನಾತ್ಸಿಗಳ ಕೈಯಲ್ಲಿ ಸತ್ತರು. ತಾರಸಿಯಲ್ಲಿ ಆಡಿದ ಎರ್ನ್‌ಸ್ಟ್ ಎಂಬ ಹುಡುಗ ಮುಂದೆ ಜರ್ಮನಿಯ ಹೆಸರಾಂತ ತತ್ತ್ವಜ್ಞಾನಿಯಾಗಿ 2023ರಲ್ಲಿ ತೀರಿಕೊಂಡನು. ಸಾಮಾನುಗಳಲ್ಲಿ ಕೆಲವನ್ನು ಒಯ್ದಿದ್ದರು. ಆದರೆ ಒಂದೇ ಹಜಾರಕ್ಕೆಂದು, ಒಂದೇ ಬೆಳಕಿಗೆಂದು ಮಾಡಿದ ವಸ್ತುಗಳು ಬೇರೆ ಮನೆಯಲ್ಲಿ ಎಷ್ಟಾದರೂ ನೆಂಟರೇ.

ನಮ್ಮ ದೇಶದಲ್ಲಿಯೂ ಇಂಥ ಒಂದು ಮನೆ ಅದೇ ವರ್ಷಗಳಲ್ಲಿ ಎದ್ದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಇಂದೂರಿನ ತರುಣ ಮಹಾರಾಜ ಯಶವಂತರಾವ್ ಹೋಳ್ಕರ್ ಮಾಣಿಕ್ ಬಾಗ್ ಅರಮನೆಯನ್ನು ಎಕಾರ್ಟ್ ಮುಥೇಸಿಯುಸ್ ಎಂಬ ಜರ್ಮನ್ ಶಿಲ್ಪಿಯಿಂದ ಒಳಗೂ ಹೊರಗೂ ಹೊಸ ರೀತಿಯಲ್ಲಿ ಮಾಡಿಸಿದ್ದರು. 1980ರಲ್ಲಿ ಅಲ್ಲಿಯ ಪೀಠೋಪಕರಣಗಳು ಮೊನಾಕೊದಲ್ಲಿ ಹರಾಜಾಗಿ ದಿಕ್ಕುದಿಕ್ಕಿಗೆ ಚದರಿದವು. ಅರಮನೆಗೆ ತೆರಿಗೆ ಇಲಾಖೆಯ ಕಚೇರಿ ಬಂದಿತು.

ಬ್ರನೋದ ಮನೆಗೆ ಒದಗಿದ್ದು ಅದಕ್ಕಿಂತ ಕಠೋರ. 1939ರಲ್ಲಿ ಗೆಸ್ಟಾಪೊ ಅದನ್ನು ವಶಪಡಿಸಿಕೊಂಡಿತು. ಬಾಂಬಿನ ದಾಳಿಯಲ್ಲಿ ಗಾಜುಗಳು ಒಡೆದವು. 1945ರಲ್ಲಿ ಸೋವಿಯತ್ ಸೈನ್ಯ ಬಂದಾಗ ಹಜಾರದಲ್ಲಿ ಕುದುರೆಗಳನ್ನು ಕಟ್ಟಿದರು. ಯುದ್ಧ ಮುಗಿದ ಮೇಲೆ ಅದು ನೃತ್ಯಶಾಲೆಯಾಯಿತು. ಅನಂತರ, ಬೆನ್ನೆಲುಬಿನ ದೋಷವಿದ್ದ ಮಕ್ಕಳಿಗೆ ವ್ಯಾಯಾಮ ಚಿಕಿತ್ಸೆ ಕೊಡುವ ಸ್ಥಳವಾಗಿ ಬಹುಕಾಲ ನಡೆಯಿತು. ಓನಿಕ್ಸ್ ಗೋಡೆಯ ಮುಂದೆ ಮಕ್ಕಳು ಸಾಲಾಗಿ ಕೈಕಾಲು ಚಾಚುತ್ತಿರುವ ದೃಶ್ಯವನ್ನು ಕಣ್ಣಿಗೆ ತಂದುಕೊಳ್ಳಿ. ಬಾಳಬಹುದೆ ಎಂಬ ಪ್ರಶ್ನೆಗೆ ಆ ಮಕ್ಕಳೂ ತಮ್ಮ ರೀತಿಯಲ್ಲಿ ಉತ್ತರ ಕೊಟ್ಟರೆನ್ನಬಹುದು. 1992ರ ಆಗಸ್ಟಿನಲ್ಲಿ ಚೆಕ್ ಮತ್ತು ಸ್ಲೋವಾಕ್ ನಾಯಕರು ತಮ್ಮ ಒಂದು ದೇಶವನ್ನು ಎರಡಾಗಿಸುವ ಮಾತುಕತೆ ನಡೆಸಿದ್ದೂ ಇಲ್ಲಿಯೇ. 2001ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2010ರಿಂದ 2012ರವರೆಗೆ ಜೀರ್ಣೋದ್ಧಾರ ನಡೆದು, ಈಗ ಟಿಕೆಟ್ಟು ಕೊಂಡವರು ನೋಡಿ ಬರಬಹುದು. ಗ್ರೇಟೆಯ ಮಗಳು, ಕಲಾ ಇತಿಹಾಸಜ್ಞೆ ಡಾನಿಯೇಲಾ ಹಾಮರ್-ಟೂಗೆಂಡ್‌ಹಾಟ್, ತಾವೆಂದೂ ವಾಸಿಸದ ಈ ಮನೆಗಾಗಿ ಬಹಳ ದುಡಿದಿದ್ದಾರೆ. ಅವರು ಹುಟ್ಟಿದ್ದು ಕುಟುಂಬ ದೇಶ ಬಿಟ್ಟ ಮೇಲೆ, ವೆನೆಜುವೆಲಾದಲ್ಲಿ.

ಓನಿಕ್ಸ್ ಗೋಡೆ ಇದ್ದಲ್ಲಿಯೇ ಉಳಿದಿತ್ತು. ಊಟದ ಜಾಗದ ಎಬನಿ ಹೊದಿಕೆ ಮಾತ್ರ ಯುದ್ಧಕಾಲದಲ್ಲಿಯೇ ಕಣ್ಮರೆಯಾಗಿ, ನಾಶವಾಯಿತೆಂದು ಎಲ್ಲರೂ ಕೈಬಿಟ್ಟಿದ್ದರು. ಕಲಾ ಇತಿಹಾಸಜ್ಞ ಮಿರೊಸ್ಲಾವ್ ಆಂಬ್ರೋಜ್ 2011ರಲ್ಲಿ ಅದನ್ನು ಪತ್ತೆಹಚ್ಚಿದರು. ಅದು ಬ್ರನೋ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಗೆಸ್ಟಾಪೊ ತನ್ನ ಕೇಂದ್ರವಾಗಿ ಮಾಡಿಕೊಂಡಿದ್ದ ಕಟ್ಟಡ ಈಗ ವಿಶ್ವವಿದ್ಯಾನಿಲಯದ ಕಾನೂನು ಕಾಲೇಜು. ಅಲ್ಲಿಯ ಕ್ಯಾಂಟೀನಿನ ಗೋಡೆಗೆ ಆ ಹಲಗೆಗಳನ್ನು ಕತ್ತರಿಸಿ ಬಡಿದಿದ್ದರು. ಪ್ಯಾರಿಸ್ಸಿನಲ್ಲಿ ಮೀಸ್ ಎಳೆ ನೋಡಿ ಆರಿಸಿದ್ದ ಕರಿಮರಕ್ಕೆ ಒರಗಿ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಊಟ ಮಾಡಿದ್ದರು. ಹಲಗೆಗಳನ್ನು ಜೋಪಾನವಾಗಿ ಬಿಡಿಸಿ, ಕೊರತೆ ಬಿದ್ದಲ್ಲಿ ಹೊಸ ಮರ ಕೂಡಿಸಿ, ದುಂಡುಮೇಜಿನ ಸುತ್ತ ಮತ್ತೆ ನಿಲ್ಲಿಸಲಾಗಿದೆ.